ನಂಬದವನು ಯಾವಾಗ ಬಾಯಿ ಬಿಡಬೇಕು? ಬ್ರಾಡ್ಲಾ ಅವರಿಂದ ಎಚ್. ನರಸಿಂಹಯ್ಯನವರವರೆಗೆ

ಕಳೆದ ವರ್ಷ ನಮ್ಮ ಸಂಘದ ಗಣೇಶನ ಹಬ್ಬದಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಲೇಖನಕ್ಕೆ ಕಾರಣ. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಎದ್ದು ಕೈಮುಗಿದರು. ಇಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದು ಈಗ ವೈದ್ಯಕೀಯ ಓದುತ್ತಿರುವ ಹುಡುಗನೊಬ್ಬ ಎಲ್ಲರ ಜೊತೆ ಎದ್ದು ನಿಂತ, ಆದರೆ ಕೈಮುಗಿಯಲಿಲ್ಲ. ಆರತಿ ತಟ್ಟೆ ಬಂದಾಗ ನಗುತ್ತಲೇ ‘ನನಗೆ ಬೇಡ’ ಎಂದು ಪಕ್ಕದವರ ಕಡೆಗೆ ದಾಟಿಸಿದ. ಅವನು ಮಾಡಿದ್ದು ಅಷ್ಟೇ. ಊಟದ ಸಾಲಿನಲ್ಲಿ ಇಬ್ಬರು ಹಿರಿಯರು ಅವನಿಗೆ ಸಂಸ್ಕಾರದ ಪಾಠ ಹೇಳಿದರು. ಅವನ ತಾಯಿಗೆ ನಾಚಿಕೆಯಾಗಿ ನನ್ನ ಬಳಿ ಬಂದು, "ಡಾಕ್ಟರೇ, ನೀವಾದರೂ ಅವನಿಗೆ ಸ್ವಲ್ಪ ಬುದ್ಧಿ ಹೇಳಿ. ನಿಮ್ಮ ಮಾತು ಅಂದ್ರೆ ಕೇಳ್ತಾನೆ" ಅಂದರು.

ನಾನು ಹೇಳಿದೆ. "ದೊಡ್ಡವರ ಮನಸ್ಸು ನೋಯಿಸಬಾರದಪ್ಪ. ಎರಡು ನಿಮಿಷ ಕೈಮುಗಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅವನು ನನ್ನ ಮುಖ ನೋಡಿ ಕೇಳಿದ: "ಅಂಕಲ್, ನೀವು ದೇವರನ್ನ ನಂಬ್ತೀರಾ?"

"ಪಾಯಸ ಆರಿಹೋಗುತ್ತೆ, ನಡಿ" ಎಂದು ನಾನು ಮಾತು ತಿರುಗಿಸಿದೆ.

ನಿಜ ಹೇಳಬೇಕೆಂದರೆ, ಎಂ.ಬಿ.ಬಿ.ಎಸ್. ಎರಡನೆಯ ವರ್ಷದಿಂದಲೂ ನನಗೆ ದೇವರಲ್ಲಿ ನಂಬಿಕೆಯಿಲ್ಲ. ಅದಕ್ಕೆ ಯಾವ ದುರಂತವೂ ಕಾರಣವಲ್ಲ. ಮಳೆಗಾಲ ಮುಗಿದ ಹಾಗೆ ನಂಬಿಕೆ ಮುಗಿಯಿತು. ಆದರೂ ಸಂಘದ ಅಧ್ಯಕ್ಷನಾಗಿದ್ದಾಗ ಎರಡು ವರ್ಷ ಮಣೆಯ ಮೇಲೆ ಕೂತು, ಗೋತ್ರ ನಕ್ಷತ್ರ ಹೇಳಿ ಸಂಕಲ್ಪ ಮಾಡಿದ್ದೇನೆ. ಆ ಹುಡುಗನ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ನಂಬದವನು ದಿನನಿತ್ಯದ ಬದುಕಿನಲ್ಲಿ ನಂಬುವವರನ್ನು ಎಷ್ಟು ಎದುರಿಸಬೇಕು? ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಮುಚ್ಚಿಕೊಳ್ಳಬೇಕು? ಈ ಪ್ರಶ್ನೆಗೆ ನಾವಿರುವ ಈ ದೇಶದಲ್ಲೂ ನಮ್ಮ ಬೆಂಗಳೂರಿನಲ್ಲೂ ಒಂದು ಇತಿಹಾಸವಿದೆ, ಎರಡಕ್ಕೂ ನಡುವೆ ಒಂದು ನಂಟೂ ಇದೆ. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಓದಿಕೊಂಡೆ. ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರವನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನ್ಯಾಯಾಲಯದ ಎರಡು ಕಾರ್ಡುಗಳು

1987ರಲ್ಲಿ ನಾನು ಮೊದಲ ಸಲ ಇಲ್ಲಿನ ಕರೋನರ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಯಿತು. ಸಹಜವಲ್ಲದ ಅಥವಾ ಕಾರಣ ತಿಳಿಯದ ಸಾವುಗಳನ್ನು ವಿಚಾರಿಸುವ ಅಧಿಕಾರಿಯನ್ನು ಇಲ್ಲಿ ಕರೋನರ್ ಎನ್ನುತ್ತಾರೆ. ನಾನು ನೋಡಿಕೊಂಡಿದ್ದ ರೋಗಿಯೊಬ್ಬರು ತೀರಿಕೊಂಡಿದ್ದರು. ಸಾಕ್ಷಿಕಟ್ಟೆ ಹತ್ತಿದಾಗ ಸಿಬ್ಬಂದಿಯೊಬ್ಬರು ಮೆಲ್ಲಗೆ ಕೇಳಿದರು: ಧರ್ಮಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತೀರೋ, ಸತ್ಯವನ್ನೇ ಹೇಳುತ್ತೇನೆಂದು ದೃಢೀಕರಿಸುತ್ತೀರೋ? ಎರಡಕ್ಕೂ ಬೇರೆ ಬೇರೆ ಕಾರ್ಡು ಇತ್ತು. ಅವರ ದನಿಯಲ್ಲಿ ಒತ್ತಾಯವಿರಲಿಲ್ಲ; ಟೀಗೆ ಸಕ್ಕರೆ ಬೇಕೇ ಬೇಡವೇ ಎಂದು ಕೇಳಿದಷ್ಟು ಸಹಜವಾಗಿ ಕೇಳಿದರು.

ನಾನು ಭಗವದ್ಗೀತೆ ಕೇಳಿ ತೆಗೆದುಕೊಂಡೆ. ಸತ್ತವರ ಮನೆಯವರು ಎದುರಿಗೇ ಕೂತಿದ್ದರು. ದೇವರನ್ನು ನಂಬದ ಡಾಕ್ಟರನ ಮಾತನ್ನು ಇವರು ನಂಬುವರೇ ಎಂಬ ಅಳುಕು. ಸತ್ಯ ಹೇಳುತ್ತೇನೆಂದು ಮಾಡಿದ ಪ್ರಮಾಣದಲ್ಲೇ ಒಂದು ಸಣ್ಣ ಸುಳ್ಳು ಸೇರಿಕೊಂಡಿತು. ಕೆಲವು ವರ್ಷಗಳ ನಂತರ ಇನ್ನೊಂದು ವಿಚಾರಣೆಗೆ ಹೋದಾಗ ದೃಢೀಕರಣದ ಕಾರ್ಡು ತೆಗೆದುಕೊಂಡು ಓದಿದೆ. ಯಾರೂ ತಲೆಯೆತ್ತಿ ನೋಡಲಿಲ್ಲ.

ಆ ಎರಡನೆಯ ಕಾರ್ಡು ನನ್ನ ಕೈಗೆ ಬರಲು ಯಾರು ಯಾರು ಏನೇನು ತೆತ್ತರು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಕೇಳಿದ ಪ್ರಶ್ನೆಗೆ ಉತ್ತರಿಸಿದ್ದಕ್ಕೆ ಆರು ತಿಂಗಳು ಸೆರೆ

1842ರಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ ಎಂಬ ಇಪ್ಪತ್ತೈದು ವರ್ಷದ ಉಪನ್ಯಾಸಕ ಚೆಲ್ಟನ್‌ಹ್ಯಾಮ್ ಊರಿನಲ್ಲಿ ಸಹಕಾರಿ ಸಮಾಜದ ಬಗ್ಗೆ ಮಾತನಾಡಿದರು. ದೇವರ ವಿಷಯವನ್ನೇ ಎತ್ತಿರಲಿಲ್ಲ. ಭಾಷಣ ಮುಗಿದ ಮೇಲೆ ಸಭಿಕರೊಬ್ಬರು ಎದ್ದು, ಮನುಷ್ಯನಿಗೆ ಮನುಷ್ಯನ ಮೇಲಿರುವ ಕರ್ತವ್ಯವನ್ನೇನೋ ಹೇಳಿದಿರಿ, ದೇವರ ಮೇಲಿನ ಕರ್ತವ್ಯ ಏನು ಎಂದು ಕೇಳಿದರು. ಜನ ಬಡತನದಲ್ಲಿ ಬೇಯುತ್ತಿರುವಾಗ ದೇವರ ಖರ್ಚನ್ನು ಹೊರುವ ಶಕ್ತಿ ಅವರಿಗಿಲ್ಲ, ಕೆಲಸವಿಲ್ಲದ ಸೇನಾಧಿಕಾರಿಗಳಿಗೆ ಮಾಡುವ ಹಾಗೆ ದೇವರನ್ನೂ ಅರ್ಧ ಸಂಬಳದ ಮೇಲೆ ಇಡಬೇಕು ಎಂಬರ್ಥದ ಉತ್ತರವನ್ನು ಹೋಲಿಯೋಕ್ ಕೊಟ್ಟರು. ದೈವನಿಂದೆಯ ಆರೋಪದ ಮೇಲೆ ಅವರಿಗೆ ಆರು ತಿಂಗಳು ಸೆರೆಮನೆಯಾಯಿತು. ಅವರು ಒಳಗಿದ್ದಾಗಲೇ ಪುಟ್ಟ ಮಗಳು ತೀರಿಕೊಂಡಳು.

ಇದನ್ನು ಓದಿದಾಗ ನನಗೆ ಪಾಯಸದ ನೆನಪಾಯಿತು. ಅವರನ್ನು ಕೇಳಿದ ಪ್ರಶ್ನೆಯೂ ನನ್ನನ್ನು ಕೇಳಿದ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಅವರು ಸೆರೆಮನೆಯ ಬೆಲೆ ಕೊಟ್ಟು ಉತ್ತರಿಸಿದರು. ನಾನು ಬೆಲೆಯೇ ಇಲ್ಲದ ಕಡೆ ಉತ್ತರ ತಪ್ಪಿಸಿದೆ.

ಸೆರೆಮನೆ ಕಂಡ ಹೋಲಿಯೋಕ್ ಮುಂದೆ ಮೆತ್ತಗಿನ ಹಾದಿ ಹಿಡಿದರು. 1851ರಲ್ಲಿ ‘ಸೆಕ್ಯುಲರಿಸಂ’ ಎಂಬ ಪದವನ್ನು ಬಳಕೆಗೆ ತಂದವರು ಅವರೇ. ನಮ್ಮ ದೇಶದ ರಾಜಕೀಯದಲ್ಲಿ ದಿನವೂ ಕಿವಿಗೆ ಬೀಳುವ ಆ ಮಾತು ಹುಟ್ಟಿದ್ದು ಹೀಗೆ. ದೇವರಿದ್ದಾನೋ ಇಲ್ಲವೋ ಎಂಬ ಜಗಳ ಬದಿಗಿಟ್ಟು, ಈ ಲೋಕದ ಬದುಕನ್ನು ಈ ಲೋಕದ ಸಾಧನಗಳಿಂದ ಹಸನು ಮಾಡೋಣ, ಅದಕ್ಕೆ ಒಪ್ಪುವ ಆಸ್ತಿಕರೂ ಬರಲಿ ಎಂಬುದು ಅವರ ನಿಲುವು. ಚಾರ್ಲ್ಸ್ ಬ್ರಾಡ್ಲಾ ಇದನ್ನು ಒಪ್ಪಲಿಲ್ಲ. ದೇವರ ಪ್ರಶ್ನೆಯನ್ನು ಬದಿಗಿಡುವುದೆಂದರೆ ಅಂಜಿ ಬದಿಗೆ ಸರಿದಂತೆ, ನಾಸ್ತಿಕ ತಾನು ನಾಸ್ತಿಕನೆಂದೇ ಹೇಳಬೇಕು ಎಂಬುದು ಅವರ ವಾದ. 1870ರಲ್ಲಿ ಇಬ್ಬರೂ ಎರಡು ರಾತ್ರಿ ಬಹಿರಂಗ ಚರ್ಚೆ ನಡೆಸಿದರು. ನಮ್ಮ ಹುಡುಗನ ಪ್ರಶ್ನೆಗೆ ಇದ್ದ ಎರಡು ಉತ್ತರಗಳೂ ಆ ವೇದಿಕೆಯ ಮೇಲೆ ಆಗಲೇ ಎದುರುಬದುರಾಗಿ ಕೂತಿದ್ದವು.

ಪಾರ್ಲಿಮೆಂಟಿನ ಬಾಗಿಲಲ್ಲಿ ಆರು ವರ್ಷ

ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಲಂಡನ್ನಿನ ಬಡ ಕುಟುಂಬದಲ್ಲಿ. ಹುಡುಗನಾಗಿದ್ದಾಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಚರ್ಚಿನ ಸಿದ್ಧಾಂತಕ್ಕೂ ಸುವಾರ್ತೆಗಳಿಗೂ ಹೊಂದಿಕೆಯಾಗದ ಕೆಲವು ಅಂಶಗಳನ್ನು ಕಂಡು ಪಾದ್ರಿಯನ್ನು ಕೇಳಿದರು. ಉತ್ತರದ ಬದಲು ಪಾಠ ಹೇಳುವ ಕೆಲಸದಿಂದ ತೆಗೆದುಹಾಕಲಾಯಿತು. ಸ್ವಲ್ಪ ಕಾಲದಲ್ಲೇ ಮನೆಯೂ ತಪ್ಪಿತು. ಪ್ರಶ್ನೆ ಕೇಳಿದ ಹುಡುಗನನ್ನು ಹಿರಿಯರು ಗದರಿಸಿ ಕಳುಹಿಸುವುದು ಇಂದಿನ ಕಥೆಯಲ್ಲ ನೋಡಿ.

ಆ ಕಾಲದಲ್ಲಿ ನಾಸ್ತಿಕ ಎಂದು ಹೇಳಿಕೊಂಡರೆ ಜನರ ಮಾತು ಕೇಳಬೇಕಾಗುತ್ತಿತ್ತು, ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. 1869ರಲ್ಲಿ ಕಾನೂನು ಬದಲಾಗುವವರೆಗೆ ಅಂಥವನ ಸಾಕ್ಷ್ಯ ನ್ಯಾಯಾಲಯದಲ್ಲಿ ನಡೆಯುತ್ತಿರಲಿಲ್ಲ. ಪ್ರಮಾಣ ಮಾಡಲಾಗದವನು ತನ್ನ ಮನೆಯಲ್ಲೇ ಆದ ಕಳ್ಳತನಕ್ಕೂ ಸಾಕ್ಷಿ ಹೇಳುವಂತಿರಲಿಲ್ಲ. ಸುಳ್ಳು ಪ್ರಮಾಣ ಮಾಡುವ ನಾಸ್ತಿಕನಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ! ಸತ್ಯ ಹೇಳಿದವನಿಗೆ ಶಿಕ್ಷೆ, ಮುಚ್ಚಿಟ್ಟವನಿಗೆ ಬಹುಮಾನ.

1880ರಲ್ಲಿ ಬ್ರಾಡ್ಲಾ ನಾರ್ಥ್ಯಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ದೇವರ ಹೆಸರಿನ ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೊಡಿ ಎಂದು ಕೇಳಿದರು. ಅಂದರೆ ಅವರು ಯಾರ ದೇವರನ್ನೂ ಅಲ್ಲಿ ಬೈಯಲಿಲ್ಲ. ತನಗೆ ಸುಳ್ಳು ಹೇಳದೆ ಒಳಗೆ ಬರುವ ದಾರಿ ಬೇಕೆಂದರು, ಅಷ್ಟೇ. ಸದನ ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ನೀನು ನಂಬುವುದಿಲ್ಲ, ಆದ್ದರಿಂದ ಅದಕ್ಕೂ ಅವಕಾಶವಿಲ್ಲ ಎಂದಿತು. ಜೂನ್ 23ರಂದು ಹೊರಗೆ ಹೋಗಲು ನಿರಾಕರಿಸಿದ್ದಕ್ಕೆ, ನಾವೆಲ್ಲ ಬಿಗ್ ಬೆನ್ ಎಂದು ಕರೆಯುವ ಗಡಿಯಾರದ ಗೋಪುರದಲ್ಲಿ ಅವರನ್ನು ಒಂದು ರಾತ್ರಿ ಕೂಡಿಹಾಕಿದರು. 1881ರ ಆಗಸ್ಟಿನಲ್ಲಿ ಪೊಲೀಸರು ಮೈಮೇಲೆ ಕೈಹಾಕಿ ಹೊರದಬ್ಬಿದರು. ಸ್ಥಾನ ಕಳೆದುಕೊಂಡಾಗಲೆಲ್ಲ ನಾರ್ಥ್ಯಾಂಪ್ಟನ್ನಿನ ಮತದಾರರು ಅವರನ್ನೇ ಮತ್ತೆ ಆರಿಸಿ ಕಳುಹಿಸಿದರು.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ವ್ಯಕ್ತಿ ಪ್ರಧಾನಿ ಗ್ಲಾಡ್‌ಸ್ಟನ್. ಅವರು ಪರಮ ದೈವಭಕ್ತರು. ಆದರೂ 1883ರಲ್ಲಿ ದೃಢೀಕರಣಕ್ಕೆ ಅವಕಾಶ ಕೊಡುವ ಮಸೂದೆಯ ಪರವಾಗಿ ದೊಡ್ಡ ಭಾಷಣ ಮಾಡಿದರು. ಮಸೂದೆ 289ಕ್ಕೆ 292, ಮೂರೇ ಮತಗಳಿಂದ ಬಿದ್ದುಹೋಯಿತು. ಕೊನೆಗೆ 1886ರ ಜನವರಿಯಲ್ಲಿ ಹೊಸ ಸಭಾಧ್ಯಕ್ಷರು ಯಾರ ಆಕ್ಷೇಪಣೆಯನ್ನೂ ಕೇಳದೆ ಅವರಿಂದ ಪ್ರಮಾಣ ಮಾಡಿಸಿ ಕೂರಿಸಿಕೊಂಡರು. ಒಳಗೆ ಹೋದ ಬ್ರಾಡ್ಲಾ 1888ರಲ್ಲಿ ಪ್ರಮಾಣ ಕಾಯಿದೆಯನ್ನು ಪಾಸು ಮಾಡಿಸಿದರು. ಬೇಕಾದವರು ಪ್ರಮಾಣ ಮಾಡಲಿ, ಬೇಡವಾದವರು ದೃಢೀಕರಿಸಲಿ. ನನ್ನ ಕೈಗೆ ಬಂದ ಎರಡನೆಯ ಕಾರ್ಡು ಅದೇ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲೂ ಸಚಿವರಿಗೆ, ಶಾಸಕರಿಗೆ ಈ ಎರಡು ದಾರಿಗಳಿವೆ. ನಂಬುವವರು ಇದರಿಂದ ಏನನ್ನೂ ಕಳೆದುಕೊಂಡಿಲ್ಲ. ನ್ಯಾಯಾಲಯಕ್ಕೆ ಒಂದು ಸುಳ್ಳು ಕಡಿಮೆಯಾಯಿತು.

ಇದೇ ಸಮಯದಲ್ಲಿ ಜಿ. ಡಬ್ಲ್ಯು. ಫೂಟ್ ಎಂಬ ಇನ್ನೊಬ್ಬ ನಾಸ್ತಿಕ ಸಂಪಾದಕರು ತಮ್ಮ ಪತ್ರಿಕೆಯಲ್ಲಿ ಬೈಬಲ್ಲಿನ ಕಥೆಗಳನ್ನು ಗೇಲಿ ಮಾಡುವ ವ್ಯಂಗ್ಯಚಿತ್ರಗಳನ್ನು ಹಾಕಿ 1883ರಲ್ಲಿ ಒಂದು ವರ್ಷ ಸೆರೆಮನೆ ಕಂಡರು. ಅವರ ಮೇಲಿನ ಇನ್ನೊಂದು ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಕೋಲ್‌ರಿಜ್, ವಾದದ ಸಭ್ಯತೆ ಉಳಿಸಿಕೊಂಡರೆ ಧರ್ಮದ ಬುಡವನ್ನೇ ಪ್ರಶ್ನಿಸಿದರೂ ಅಪರಾಧವಲ್ಲ ಎಂದರು. ಗೇಲಿ ಮಾಡಿದವನನ್ನು ಜೈಲಿಗೆ ಹಾಕಬೇಕೆಂದು ನಾನು ಖಂಡಿತ ಹೇಳುವುದಿಲ್ಲ. ಇಂಗ್ಲೆಂಡು 2008ರಲ್ಲಿ ಆ ಅಪರಾಧವನ್ನೇ ಕಾನೂನಿನಿಂದ ತೆಗೆದುಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಕಾನೂನು ಬಿಡುತ್ತದೆ ಎಂಬುದಕ್ಕೂ ನಾವು ಮಾಡಬೇಕು ಎಂಬುದಕ್ಕೂ ನಡುವೆ ಜಾಗವಿದೆ. ದಿನನಿತ್ಯದ ಬದುಕು ನಡೆಯುವುದು ಆ ಜಾಗದಲ್ಲೇ.

ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಯುವಕ

ಬ್ರಾಡ್ಲಾ ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ಎಷ್ಟು ಮಾತನಾಡುತ್ತಿದ್ದರೆಂದರೆ ಅವರನ್ನು ‘ಭಾರತದ ಸದಸ್ಯ’ ಎಂದೇ ಕರೆಯುತ್ತಿದ್ದರು. 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಹೋಗಿ ಬಂದರು. 1891ರ ಜನವರಿ 30ರಂದು ಅವರು ತೀರಿಕೊಂಡಾಗ ಲಂಡನ್ನಿನಲ್ಲಿದ್ದ ಭಾರತೀಯರು ಅಂತ್ಯಕ್ರಿಯೆಗೆ ಹೋದರು. ಅವರಲ್ಲಿ ಇಪ್ಪತ್ತೊಂದು ವರ್ಷದ ಕಾನೂನು ವಿದ್ಯಾರ್ಥಿಯೊಬ್ಬನಿದ್ದ. ಹೆಸರು ಮೋಹನದಾಸ ಗಾಂಧಿ.

ಆ ದಿನ ಕಂಡದ್ದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಸ್ತಿಕನಿಗೆ ಕೊನೆಯ ಗೌರವ ಸಲ್ಲಿಸಲು ಕೆಲವು ಪಾದ್ರಿಗಳೂ ಬಂದಿದ್ದರು. ವಾಪಸು ಬರುವಾಗ ಎಲ್ಲರೂ ಸ್ಟೇಷನ್ನಿನಲ್ಲಿ ರೈಲಿಗಾಗಿ ಕಾಯುತ್ತಿದ್ದರು. ಗುಂಪಿನಲ್ಲಿದ್ದ ಒಬ್ಬ ನಾಸ್ತಿಕ ವೀರ ಒಬ್ಬ ಪಾದ್ರಿಯನ್ನು ಹಿಡಿದುಕೊಂಡ. ದೇವರನ್ನು ನಂಬುತ್ತೀರಲ್ಲ, ಭೂಮಿಯ ಸುತ್ತಳತೆ ಇಷ್ಟೆಂದು ಗೊತ್ತಿದೆಯಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಅವನು ಎಲ್ಲಿದ್ದಾನೆ ಎಂದು ಸವಾಲು ಹಾಕಿದ. ಪಾದ್ರಿ ಮೆಲ್ಲನೆ, ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಎಂದರು. ಅವನು ಗೆದ್ದ ಮುಖ ಮಾಡಿಕೊಂಡು ಸುತ್ತಲಿನವರನ್ನು ನೋಡಿದ, ಪಾದ್ರಿ ಸುಮ್ಮನಾದರು. ನಾಸ್ತಿಕವಾದದ ಬಗ್ಗೆ ತಮಗಿದ್ದ ಅಸಮಾಧಾನ ಆ ಮಾತುಕತೆಯಿಂದ ಇನ್ನಷ್ಟು ಹೆಚ್ಚಿತು ಎನ್ನುತ್ತಾರೆ ಗಾಂಧೀಜಿ.

ಆ ವಾದದಲ್ಲಿ ಗೆದ್ದವರು ಯಾರು? ಸಾವಿನ ಮನೆಯಿಂದ ಬರುತ್ತಿದ್ದ, ಗೌರವಕ್ಕಾಗಿಯೇ ಬಂದಿದ್ದ ಪಾದ್ರಿಯೊಬ್ಬರನ್ನು ಪ್ಲಾಟ್‌ಫಾರ್ಮಿನಲ್ಲಿ ಅಡ್ಡಗಟ್ಟಿದವನು ಯಾರ ಮನಸ್ಸನ್ನೂ ಬದಲಿಸಲಿಲ್ಲ. ನೋಡುತ್ತ ನಿಂತಿದ್ದ ಯುವಕನ ಮನಸ್ಸು ಮಾತ್ರ ಇನ್ನಷ್ಟು ದೂರವಾಯಿತು.

ಆ ವೀರನನ್ನು ನಾನು ಬೈಯಲಾರೆ, ಏಕೆಂದರೆ ಅವನ ಕೆಲಸವನ್ನು ನಾನೂ ಮಾಡಿದ್ದೇನೆ. 1980ರಲ್ಲಿ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದೆ. ವಾಂತಿಭೇದಿಯಿಂದ ನಿತ್ರಾಣವಾದ ಎರಡು ವರ್ಷದ ಮಗುವನ್ನು ಹಳ್ಳಿಯ ತಾಯಿಯೊಬ್ಬಳು ಎತ್ತಿಕೊಂಡು ಬಂದಳು. ಮಗುವಿನ ತೋಳಿಗೆ ಹೊಸ ತಾಯಿತ ಕಟ್ಟಿತ್ತು. ಆಸ್ಪತ್ರೆಗೆ ಬರುವ ಮೊದಲು ಎರಡು ದಿನ ಮಂತ್ರ ಹಾಕುವವನ ಮನೆಯಲ್ಲಿ ಕಳೆದಿದ್ದಳು. ನನಗೆ ಸಿಟ್ಟು ಬಂತು. ವಾರ್ಡಿನ ಎಲ್ಲರೆದುರು ಅವಳನ್ನು ಗದರಿಸಿ, ಕತ್ತರಿ ತಂದು ತಾಯಿತವನ್ನು ಕತ್ತರಿಸಿ ಬಿಸಾಡಿದೆ. ಡ್ರಿಪ್ ಹಾಕಬೇಕಿದ್ದದ್ದು ಎಡಗೈಗೆ; ತಾಯಿತವಿದ್ದದ್ದು ಬಲಗೈಯಲ್ಲಿ. ಅದರಿಂದ ನನ್ನ ಕೆಲಸಕ್ಕೆ ಏನೂ ಅಡ್ಡಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದರೆ ಹಾಸಿಗೆ ಖಾಲಿ. ರಾತ್ರಿ ಯಾರಿಗೂ ಹೇಳದೆ ಮಗುವನ್ನು ಎತ್ತಿಕೊಂಡು ಹೋಗಿದ್ದಳು. ಆ ಮಗು ಏನಾಯಿತೋ ಈ ಹೊತ್ತಿಗೂ ನನಗೆ ತಿಳಿಯದು. ಮಂತ್ರ ಹಾಕುವವನು ಅವಳನ್ನು ಕೂರಿಸಿ ಮಾತನಾಡಿಸಿದ್ದಿರಬೇಕು. ನಾನು ಅವಳ ಹೆಸರನ್ನೂ ಕೇಳಿರಲಿಲ್ಲ.

ಬ್ರಾಡ್ಲಾ ಬಗ್ಗೆ ಗಾಂಧೀಜಿಯ ಗೌರವ ಮಾತ್ರ ಕಡಿಮೆಯಾಗಲಿಲ್ಲ. ‘ದೇವರೇ ಸತ್ಯ’ ಎನ್ನುತ್ತಿದ್ದವರು ‘ಸತ್ಯವೇ ದೇವರು’ ಎಂಬಲ್ಲಿಗೆ ಏಕೆ ಬಂದೆ ಎಂದು 1931ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ವಿವರಿಸುವಾಗ ಅವರು ಉದಾಹರಣೆಗೆ ತೆಗೆದುಕೊಂಡದ್ದು ಬ್ರಾಡ್ಲಾ ಹೆಸರನ್ನೇ. ಸತ್ಯಕ್ಕಾಗಿ ಅಷ್ಟು ಪಾಡುಪಟ್ಟ ಮನುಷ್ಯನನ್ನು ದೇವರಿಂದ ದೂರವಿದ್ದವನೆಂದು ಹೇಳಲು ಅವರ ಮನಸ್ಸು ಒಪ್ಪಲಿಲ್ಲ. ಮುಂದೆ ಆಂಧ್ರದ ಗೋರಾ, ನಾಸ್ತಿಕತೆಗಾಗಿ ಕಾಲೇಜಿನ ಕೆಲಸ ಕಳೆದುಕೊಂಡು 1940ರಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿದವರು, ಸೇವಾಗ್ರಾಮಕ್ಕೆ ಬಂದು ಗಾಂಧೀಜಿಯೊಡನೆ ನೇರವಾಗಿ ವಾದಿಸಿದರು. ಗೋರಾ ಅಸ್ಪೃಶ್ಯತೆಯ ವಿರುದ್ಧ ಹಳ್ಳಿಗಳಲ್ಲಿ ಕೆಲಸ ಮಾಡಿ ಬಂದಿದ್ದವರು. ಗಾಂಧೀಜಿ ಅವರ ಮಾತಿಗೆ ಕಿವಿಗೊಟ್ಟರು. ಪ್ಲಾಟ್‌ಫಾರ್ಮಿನ ವೀರ ಹೇಳಿದ್ದೂ ಗೋರಾ ಹೇಳಿದ್ದೂ ಮೂಲದಲ್ಲಿ ಒಂದೇ ಮಾತು: ದೇವರಿಲ್ಲ. ಆದರೆ ಒಬ್ಬನಿಗೆ ಎದುರಿನವರನ್ನು ಸೋಲಿಸಬೇಕಿತ್ತು. ಇನ್ನೊಬ್ಬರಿಗೆ ಎದುರಿನವರ ಜೊತೆ ಮಾಡಬೇಕಾದ ಕೆಲಸವಿತ್ತು.

ಬಸವನಗುಡಿಯ ನಂಟು

ಈಗ ಬೆಂಗಳೂರಿಗೆ ಬರೋಣ. ಬ್ರಾಡ್ಲಾ ಜೊತೆ ಹೆಗಲು ಕೊಟ್ಟವರಲ್ಲಿ ಮುಖ್ಯರು ಆ್ಯನಿ ಬೆಸೆಂಟ್. ಪಾದ್ರಿಯೊಬ್ಬರ ಹೆಂಡತಿಯಾಗಿದ್ದ ಅವರು ನಂಬಿಕೆ ಕಳೆದುಕೊಂಡು ಮನೆ ಬಿಟ್ಟವರು. 1877ರಲ್ಲಿ ಅವರೂ ಬ್ರಾಡ್ಲಾ ಅವರೂ ಅಮೆರಿಕದ ವೈದ್ಯ ಚಾರ್ಲ್ಸ್ ನೋಲ್ಟನ್ ಬರೆದಿದ್ದ ಸಂತಾನ ನಿಯಂತ್ರಣದ ಪುಸ್ತಿಕೆಯನ್ನು ಮರುಮುದ್ರಿಸಿ ಮೊಕದ್ದಮೆ ಎದುರಿಸಿದರು. ಮುಂದಿನ ವರ್ಷ ನ್ಯಾಯಾಲಯ ಬೆಸೆಂಟರ ಪುಟ್ಟ ಮಗಳನ್ನು ತಂದೆಯ ವಶಕ್ಕೆ ಕೊಟ್ಟಿತು. ತಾಯಿಯ ನಾಸ್ತಿಕತೆಯೂ ಅದಕ್ಕೆ ಒಂದು ಕಾರಣ. ಬಾಯಿ ಬಿಟ್ಟವರು ಏನೇನು ಕಳೆದುಕೊಂಡರು ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಬೇಡ.

ಬೆಸೆಂಟ್ ಮುಂದೆ ಥಿಯಾಸಫಿಯ ಕಡೆ ತಿರುಗಿ ಭಾರತಕ್ಕೆ ಬಂದದ್ದು ನಮಗೆಲ್ಲ ಗೊತ್ತು. 1917ರಲ್ಲಿ ಅವರ ಪ್ರೇರಣೆಯಿಂದ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್ ಹುಟ್ಟಿತು. ಅದರ ಬಳಗದಲ್ಲೇ ಬೆಳೆದ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ, ಪ್ರಿನ್ಸಿಪಾಲರಾಗಿ, ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕು ಕಳೆದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಖಾದಿ ಉಡುತ್ತಿದ್ದ ಬ್ರಹ್ಮಚಾರಿ, 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದವರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ನಿಮ್ಮ ಪವಾಡಗಳನ್ನು ಪರೀಕ್ಷಿಸಲು ಅವಕಾಶ ಕೊಡಿ ಎಂದು ಪತ್ರಗಳನ್ನು ಬರೆದರು. ಬಾಬಾ ಒಪ್ಪಲಿಲ್ಲ. ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಆಗ ನಾನು ಬೆಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಹಾಸ್ಟೆಲ್ಲಿನಲ್ಲಿ ರಾತ್ರಿಯಿಡೀ ವಾದ. ‘ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಬೇಕು?’ ಎನ್ನುವವರು ಒಂದು ಕಡೆ, ‘ವಿಶ್ವವಿದ್ಯಾಲಯ ಕೇಳದಿದ್ದರೆ ಇನ್ಯಾರು ಕೇಳಬೇಕು?’ ಎನ್ನುವವರು ಇನ್ನೊಂದು ಕಡೆ.

ಎಚ್.ಎನ್. ದಾರಿಯಲ್ಲಿ ನಾನು ಕಂಡ ವಿಶೇಷವೆಂದರೆ, ಅವರು ಪ್ರಶ್ನೆ ಕೇಳಿದ್ದು ದೊಡ್ಡವರನ್ನು. ವಿಭೂತಿ ಹಚ್ಚಿಕೊಂಡ ಅಜ್ಜಿಯನ್ನು ಅವರು ಬೀದಿಯಲ್ಲಿ ಅಡ್ಡಗಟ್ಟಲಿಲ್ಲ. ಲಕ್ಷಾಂತರ ಜನರ ಮೇಲೆ ಪ್ರಭಾವವಿದ್ದವರನ್ನು, ಪರೀಕ್ಷಿಸಿ ನೋಡಬಹುದಾದ ಒಂದು ವಿಷಯದ ಬಗ್ಗೆ, ಸಹಿ ಹಾಕಿದ ಪತ್ರದಲ್ಲಿ, ಸಭ್ಯವಾದ ಮಾತಿನಲ್ಲಿ ಕೇಳಿದರು. ಸಮಿತಿ ಮರುವರ್ಷ ಮುಗಿಯಿತು. ಅವರು ಮಾತ್ರ 1962ರಲ್ಲೇ ಕಟ್ಟಿದ್ದ ಬೆಂಗಳೂರು ವಿಜ್ಞಾನ ವೇದಿಕೆಯ ಕೆಲಸವನ್ನು 2005ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ನಾಸ್ತಿಕತೆ ಪಶ್ಚಿಮದಿಂದ ಬಂದ ರೋಗ ಎಂದು ಸಂಘದಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಕನ್ನಡದ ಆದಿಕವಿ ಪಂಪ, ಕವಿಚಕ್ರವರ್ತಿ ರನ್ನ ನಂಬಿದ್ದ ಜೈನ ಧರ್ಮದಲ್ಲಿ ಲೋಕವನ್ನು ಸೃಷ್ಟಿಸಿದ ದೇವರೇ ಇಲ್ಲ. ವೇದವನ್ನು ಒಪ್ಪದ ಅದನ್ನು ಹಳಬರು ನಾಸ್ತಿಕ ದರ್ಶನಗಳ ಸಾಲಿಗೇ ಸೇರಿಸಿದ್ದರು. ನಮ್ಮ ಕಾಲಕ್ಕೆ ಬಂದರೆ, ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ ‘ದೇವರು’ ಎಂಬ ಪುಸ್ತಕ ಬರೆದು ದೇವರಿಲ್ಲವೆಂದು ಸಮಾಧಾನವಾಗಿ ವಾದಿಸಿದರು. ನಾಡು ಅವರನ್ನು ಬೈಯುವ ಬದಲು ಆ ಪುಸ್ತಕಕ್ಕೆ ಪಂಪ ಪ್ರಶಸ್ತಿ ಕೊಟ್ಟಿತು.

ಸುಮ್ಮನಿದ್ದುದರ ಬೆಲೆ

ಇಷ್ಟು ಓದಿದವರು, ಹಾಗಾದರೆ ಸುಮ್ಮನಿರುವುದೇ ಲೇಸು ಎಂದುಕೊಂಡಾರು. ನಾನೂ ತಾಯಿತದ ಘಟನೆಯ ನಂತರ ಹಾಗೇ ತೀರ್ಮಾನಿಸಿದ್ದೆ. ಅದರ ಬೆಲೆಯನ್ನೂ ಹೇಳಿಬಿಡುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಒಂದು ಊಟದ ಮನೆಯಲ್ಲಿ, ನಲವತ್ತೆಂಟು ದಿನದ ವ್ರತ ಹಿಡಿದಿದ್ದೇನೆ, ಗುರುಗಳ ಮಾತಿನಂತೆ ಮಾತ್ರೆಗಳನ್ನೆಲ್ಲ ನಿಲ್ಲಿಸಿ ತೀರ್ಥ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ ಎಂದು ಸಂತೋಷದಿಂದ ಹೇಳಿದರು. ಅವರಿಗೆ ಹೃದಯದ ಬಡಿತ ಏರುಪೇರಾಗುವ ಕಾಯಿಲೆಯಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬಿಟ್ಟರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ಅವರು ನನ್ನ ರೋಗಿಯಲ್ಲ, ಇದು ಅವರ ನಂಬಿಕೆಯ ವಿಷಯ ಎಂದುಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಐದನೆಯ ವಾರ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈಯೂ ಮಾತೂ ಹೋದವು.

‘ವ್ರತ ಮಾಡಿ, ಮಾತ್ರೆ ಮಾತ್ರ ಬಿಡಬೇಡಿ’. ಇಷ್ಟು ಹೇಳಲು ದೇವರಿಲ್ಲವೆಂದು ಸಾಧಿಸಬೇಕಾಗಿರಲಿಲ್ಲ. ಅವತ್ತಿನ ನನ್ನ ಮೌನಕ್ಕೆ ಬಹಳ ದಿನ ‘ಗೌರವ’ ಎಂಬ ಹೆಸರು ಕೊಟ್ಟುಕೊಂಡಿದ್ದೆ. ಅದು ಗೌರವವಲ್ಲ, ಭಯ. ಗುರುಗಳ ಮಾತಿಗೆ ಎದುರು ಮಾತಾಡಿದರೆ ನನ್ನ ಬಣ್ಣ ಬಯಲಾದೀತು ಎಂಬ ಭಯ.

ಡಾ. ನರೇಂದ್ರ ದಾಭೋಲ್ಕರ್ ನನ್ನಂತೆಯೇ ಎಂ.ಬಿ.ಬಿ.ಎಸ್. ಓದಿದವರು. ವೈದ್ಯ ವೃತ್ತಿ ಬಿಟ್ಟು ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ಊರೂರು ಸುತ್ತಿದರು. ದೇವರನ್ನಲ್ಲ, ದೇವರ ಹೆಸರಿನಲ್ಲಿ ನಡೆಯುವ ಶೋಷಣೆಯನ್ನು ವಿರೋಧಿಸುತ್ತೇವೆ ಎಂಬುದು ಅವರ ಸಂಘಟನೆಯ ನಿಲುವು. ಅಷ್ಟು ಎಚ್ಚರದಿಂದ ಮಾತನಾಡಿದವರನ್ನೂ 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲೇ ಕೊಂದರು. ಅವರು ನಾಸ್ತಿಕರೂ ಅಲ್ಲ, ಶಾಸನ ಮತ್ತು ವಚನಗಳ ಸಂಶೋಧಕರು. ಅವರು ಜೀವ ತೆತ್ತ ಕಾಲದಲ್ಲಿ ನಾನು ಇಂಗ್ಲೆಂಡಿನ ಸುರಕ್ಷಿತ ಸಭಾಂಗಣದಲ್ಲಿ ಒಬ್ಬ ಹುಡುಗನ ಪ್ರಶ್ನೆಗೆ ಹೆದರಿದೆ.

ಹುಡುಗನಿಗೆ ಉತ್ತರ

ಆದ್ದರಿಂದ, ಮಗೂ, ನನಗೆ ತಿಳಿದಷ್ಟು ಹೇಳುತ್ತೇನ. ನಿನ್ನನ್ನು ಯಾರಾದರೂ ನೇರವಾಗಿ ಕೇಳಿದರೆ ನಿಜ ಹೇಳು. ಅದು ಯಾರನ್ನೂ ನೋಯಿಸುವ ಕೆಲಸವಲ್ಲ. ನಿನ್ನ ಬಾಯಿಂದ ಸುಳ್ಳು ಹೇಳಿಸುವ ಕಡೆ ಎರಡನೆಯ ಕಾರ್ಡು ಕೇಳು. ನಂಬಿಕೆಯ ಹೆಸರಿನಲ್ಲಿ ಒಬ್ಬರ ಜೀವಕ್ಕೋ ದುಡ್ಡಿಗೋ ಮಾನಕ್ಕೋ ಕುತ್ತು ಬರುವಾಗ, ಕೇಳದಿದ್ದರೂ ಬಾಯಿ ಬಿಡು. ಆದರೆ ಕತ್ತರಿ ಹಿಡಿಯುವ ಮೊದಲು ಎದುರಿನವರ ಹೆಸರು ಕೇಳು. ಸಾವಿನ ಮನೆಯಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ, ಯಾರೋ ತಮ್ಮ ಪಾಡಿಗೆ ಕೈಮುಗಿದು ನಿಂತ ಕಡೆ, ವಾದ ಗೆಲ್ಲಲು ಹೋಗಬೇಡ. ಇದಕ್ಕೂ ಹೊಂದದ ಸಂದರ್ಭಗಳು ಬರುತ್ತವೆ. ಆಗ ತಪ್ಪು ಮಾಡುತ್ತೀಯ, ನನ್ನ ಹಾಗೆ.

ನಮ್ಮ ಮನೆಯಲ್ಲಿ ದಿನವೂ ದೀಪ ಹಚ್ಚುತ್ತಾರೆ. ಹಚ್ಚುವವಳು ನನ್ನ ಹೆಂಡತಿ. ಹೂ ತರುವವನು ನಾನು. ಈ ಲೇಖನದ ಕರಡನ್ನು ಓದಿ ಅವಳು, "ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಸಂಘದವರಿಗೆ ಈಗ ಹೇಳ್ತಿದ್ದೀರಿ, ಅಷ್ಟೇ" ಅಂದಳು.

ಸಂಘದ ಸಮಿತಿಗೆ ನನ್ನದೊಂದು ಕೋರಿಕೆ. ಗಣೇಶನ ಹಬ್ಬ ಈ ವರ್ಷವೂ ಎಂದಿನಂತೆ ಚೆನ್ನಾಗಿ ನಡೆಯಲಿ. ಕೈಮುಗಿಯದೆ ಸುಮ್ಮನೆ ನಿಂತವರನ್ನು, ಅವರು ಹುಡುಗರಾಗಲಿ ಮುದುಕರಾಗಲಿ, ಏಕೆ ಎಂದು ಯಾರೂ ಗದರಿಸದಿರಲಿ. ನ್ಯಾಯಾಲಯದ ಆ ಸಿಬ್ಬಂದಿ ನನ್ನನ್ನು ಕೇಳಿದಷ್ಟು ಸಹಜವಾಗಿ ನಾವೂ ಒಬ್ಬರನ್ನೊಬ್ಬರು ಬಿಟ್ಟುಬಿಡೋಣ. ನಾನಂತೂ ಬರುತ್ತೇನೆ. ಮಂಗಳಾರತಿಯ ಹೊತ್ತಿಗೆ ನಿಮ್ಮೊಡನೆ ಎದ್ದು ನಿಲ್ಲುತ್ತೇನೆ, ಕೈ ಮುಗಿಯುವುದಿಲ್ಲ. ಆಮೇಲೆ ಎಂದಿನಂತೆ ಪಂಕ್ತಿಯಲ್ಲಿ ಪಾಯಸ ಬಡಿಸುತ್ತೇನೆ. ಆ ಹುಡುಗ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದರೆ, ಸೌಟು ಕೆಳಗಿಟ್ಟು ಉತ್ತರ ಹೇಳುತ್ತೇನೆ.